ದೊಡ್ಡ ಹೋಟೆಲ್‌ಗಳ ಹೆಸರಿನ ಹಿಂದಿರುವ ಅಡುಗೆಮನೆ

ನಮಸ್ಕಾರ ಗೆಳೆಯರೇ. ಅದೇ ಊರಿನಲ್ಲಿ ಸ್ವಂತ ಮನೆ ಇರುವವರು ಹೋಟೆಲ್‌ನಲ್ಲಿ ರೂಮ್ ಮಾಡುವುದಿಲ್ಲ ಅಲ್ವಾ? ಊಟಕ್ಕೆ ಮಾತ್ರ ಬರುತ್ತಾರೆ. ಒಂದು ಹೋಟೆಲ್ ಇಡೀ ನಗರದ ಬಾಯಲ್ಲಿ ಉಳಿಯುವುದು ಇಂಥವರಿಂದಲೇ.

[ಪರದೆ: 19ನೇ ಶತಮಾನದ ಬಾಸ್ಟನ್ ನಗರದ ಚಿತ್ರ]

1829ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಟ್ರೆಮಾಂಟ್ ಹೌಸ್ ಶುರುವಾಯಿತು. ಬೀಗ ಹಾಕಿಕೊಳ್ಳುವ ರೂಮು, ಪುಕ್ಕಟೆ ಸೋಪು, ಸಾಮಾನು ಹೊರಲು ಹುಡುಗರು. ಆಗ ಇದೆಲ್ಲ ಹೊಸದು. ಆದರೆ ಆ ಕಾಲದ ಅಮೆರಿಕದ ಹೋಟೆಲ್‌ಗಳಲ್ಲಿ ಊಟದ ದುಡ್ಡು ಸಾಮಾನ್ಯವಾಗಿ ಬಾಡಿಗೆಯಲ್ಲೇ ಸೇರಿರುತ್ತಿತ್ತು. ಹೇಳಿದ ಹೊತ್ತಿಗೆ ಬಂದು, ಬಡಿಸಿದ್ದನ್ನು ತಿನ್ನಬೇಕು.

1855ರಲ್ಲಿ ಅದೇ ಊರಿನಲ್ಲಿ ಪಾರ್ಕರ್ ಹೌಸ್ ತೆರೆದ ಹಾರ್ವೆ ಪಾರ್ಕರ್ ರೂಮಿನ ಲೆಕ್ಕವನ್ನೂ ಊಟದ ಲೆಕ್ಕವನ್ನೂ ಬೇರೆ ಮಾಡಿದರು. ಚಿಕ್ಕ ಬದಲಾವಣೆ ಅನ್ನಿಸಬಹುದು. ಆದರೆ ಅಡುಗೆಮನೆ ಈಗ ತನ್ನ ಖರ್ಚನ್ನು ತಾನೇ ದುಡಿಯಬೇಕು! ಹೊರಗಿನವರನ್ನು ಎಳೆಯದೆ ಬೇರೆ ದಾರಿಯಿಲ್ಲ. ಬಾಸ್ಟನ್ ಕ್ರೀಮ್ ಪೈ ಅನ್ನುವ ಕೆನೆ ತುಂಬಿದ ಕೇಕ್‌ಗೆ ಹೆಸರು ಬಂದಿದ್ದು ಈ ಅಡುಗೆಮನೆಯಿಂದಲೇ.

[ಪರದೆ: ಲಂಡನ್‌ನ ಸವಾಯ್ ಹೋಟೆಲ್, ಹಳೆಯ ಫೋಟೋ]

ಈಗ ಲಂಡನ್‌ಗೆ ಬರೋಣ. ಸವಾಯ್ ಹೋಟೆಲ್, 1889. ಕಟ್ಟಿಸಿದವರು ರಿಚರ್ಡ್ ಡಾಯ್ಲಿ ಕಾರ್ಟ್, ಪಕ್ಕದ ಸವಾಯ್ ಥಿಯೇಟರ್‌ನ ಮಾಲೀಕರು. ನಾಟಕ ಮುಗಿಸಿ ಹೊರಬಂದವರಿಗೆ ಹಸಿವಾಗಿರುತ್ತದೆ, ಹೋಟೆಲ್ ಪಕ್ಕದಲ್ಲೇ ಇದೆ. ವ್ಯಾಪಾರ ಅಂದರೆ ಇದು!

ಅವರು ಕರೆತಂದ ಮ್ಯಾನೇಜರ್ ಸೀಸರ್ ರಿಟ್ಜ್, ಮುಖ್ಯ ಬಾಣಸಿಗ ಆಗಸ್ಟ್ ಎಸ್ಕಾಫಿಯೆ. ಮರ್ಯಾದಸ್ಥ ಮನೆಯ ಹೆಂಗಸರು ಹೊರಗೆ ಊಟ ಮಾಡುವುದು ಆಗ ಲಂಡನ್‌ನಲ್ಲಿ ರೂಢಿಯಿರಲಿಲ್ಲ. ಅದನ್ನು ಫ್ಯಾಷನ್ ಮಾಡಿದ್ದರಲ್ಲಿ ರಿಟ್ಜ್ ಪಾಲು ದೊಡ್ಡದು.

ಆದರೆ ನನಗೆ ಜಾಸ್ತಿ ಕುತೂಹಲ ಇರುವುದು ಎಸ್ಕಾಫಿಯೆ ಅಡುಗೆಮನೆಯ ಬಗ್ಗೆ. ಮೇಯರ್‌ಬೀರ್ ಎಗ್ಸ್ ಅಂತ ಒಂದು ತಿನಿಸು. ಮೊಟ್ಟೆ, ಸುಟ್ಟ ಕುರಿಯ ಕಿಡ್ನಿ, ಟ್ರಫಲ್ ಅನ್ನುವ ದುಬಾರಿ ಅಣಬೆಯ ಸಾಸ್. ಹಳೆ ಪದ್ಧತಿಯಲ್ಲಿ ಒಬ್ಬನೇ ಅಡುಗೆಯವ ಎಲ್ಲವನ್ನೂ ಮಾಡಬೇಕಿತ್ತು. ಸುಮಾರು 15 ನಿಮಿಷ ಹಿಡಿಯುತ್ತಿತ್ತು. ಎಸ್ಕಾಫಿಯೆ ಕೆಲಸ ಹಂಚಿದರು. ಒಬ್ಬ ಮೊಟ್ಟೆ ಹಾಕುತ್ತಾನೆ, ಅದೇ ಹೊತ್ತಿಗೆ ಇನ್ನೊಬ್ಬ ಕಿಡ್ನಿ ಸುಡುತ್ತಾನೆ, ಮೂರನೆಯವನು ಸಾಸ್ ಮಾಡುತ್ತಾನೆ. ಕೆಲವೇ ನಿಮಿಷದಲ್ಲಿ ತಟ್ಟೆ ರೆಡಿ. ಮೆನು ನೋಡಿ ಒಬ್ಬೊಬ್ಬರು ಒಂದೊಂದು ಕೇಳಿದರೂ ಬಿಸಿಬಿಸಿಯಾಗಿ ಕೊಡಲು ಆಗಿದ್ದು ಹೀಗೆ. ದೊಡ್ಡ ಹೋಟೆಲ್‌ಗಳ ಅಡುಗೆಮನೆ ಇವತ್ತಿಗೂ ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ ನಡೆಯುತ್ತದೆ.

ಇಷ್ಟೆಲ್ಲ ಮಾಡಿದ ಇಬ್ಬರನ್ನೂ 1898ರಲ್ಲಿ ಸವಾಯ್ ಕೆಲಸದಿಂದ ತೆಗೆಯಿತು. ಎಸ್ಕಾಫಿಯೆ ಸಾಮಾನು ಪೂರೈಸುವವರಿಂದ ಕಮಿಷನ್ ತೆಗೆದುಕೊಳ್ಳುತ್ತಿದ್ದರು, ಆಮೇಲೆ ಬರೆದುಕೊಟ್ಟು ಒಪ್ಪಿಕೊಂಡರು. ರಿಟ್ಜ್ ಸುಮ್ನೆ ಕೂರಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ತಮ್ಮದೇ ಹೆಸರಿನ ಹೋಟೆಲ್ ತೆರೆದರು.

ಸೇಬು ಹಾಕಿ ಮಾಡುವ ನ್ಯೂಯಾರ್ಕ್‌ನ ವಾಲ್ಡಾರ್ಫ್ ಸಲಾಡ್ ನಿಮಗೆ ಗೊತ್ತಿರಬಹುದು. ಆ ಹೆಸರು ಕೊಟ್ಟ ವಾಲ್ಡಾರ್ಫ್ ಹೋಟೆಲ್‌ನ ಹಳೆ ಕಟ್ಟಡ 1929ರಲ್ಲಿ ನೆಲಸಮವಾಯಿತು. ಅಲ್ಲೀಗ ಇರುವುದು ಎಂಪೈರ್ ಸ್ಟೇಟ್ ಬಿಲ್ಡಿಂಗ್.

[ಪರದೆ: ಚಾಕೊಲೇಟ್ ಕೇಕ್, ಹತ್ತಿರದಿಂದ]

ಕೊನೆಗೆ ಒಂದು ಜಗಳ. ಆಸ್ಟ್ರಿಯಾದ ವಿಯೆನ್ನಾದಲ್ಲಿ 1876ರಲ್ಲಿ ಶುರುವಾದ ಹೋಟೆಲ್ ಸಾಹರ್, ಮತ್ತು ಡೆಮೆಲ್ ಎಂಬ ಬೇಕರಿ. ಇಬ್ಬರೂ ಸಾಹರ್ ಕೇಕ್ ಅನ್ನುವ ಚಾಕೊಲೇಟ್ ಕೇಕ್ ಮಾರುತ್ತಿದ್ದರು. 'ಅಸಲಿ' ಅನ್ನುವ ಹೆಸರು ಯಾರಿಗೆ? ಕೋರ್ಟ್‌ನಲ್ಲಿ ವರ್ಷಗಟ್ಟಲೆ ಎಳೆದಾಡಿ, 1963ರಲ್ಲಿ ರಾಜಿಯಾಯಿತು. ಹೆಸರು ಹೋಟೆಲ್‌ಗೆ ಸಿಕ್ಕಿತು. ಹೋಟೆಲ್‌ನವರು ಕೇಕನ್ನು ಅಡ್ಡ ಸೀಳಿ ಒಳಗೂ ಏಪ್ರಿಕಾಟ್ ಜಾಮ್ ಸವರುತ್ತಾರೆ. ಡೆಮೆಲ್‌ನವರದ್ದರಲ್ಲಿ ಜಾಮ್ ಇರುವುದು ಚಾಕೊಲೇಟ್ ಹೊದಿಕೆಯ ಕೆಳಗೆ ಮಾತ್ರ. ಎರಡೂ ಈಗಲೂ ಸಿಗುತ್ತವೆ. ಆ ಕಡೆ ಹೋದರೆ ಎರಡನ್ನೂ ತಿಂದು ನೋಡಿ, ತೀರ್ಪು ನೀವೇ ಕೊಡಿ. ಮುಂದಿನ ವಿಡಿಯೋದಲ್ಲಿ ಸಿಗೋಣ.