ಹಾಳೆಗೊಂದೇ ಚಿತ್ರ

ಕೇಳುಗರಿಗೆಲ್ಲ ನಮಸ್ಕಾರ. ಹೊಸ ವರ್ಷಕ್ಕೆ ಮನೆಯ ಫೋಟೋಗಳಿಂದಲೇ ಕ್ಯಾಲೆಂಡರ್ ಮಾಡಿಸಬೇಕು, ಅದು ಪ್ರೆಸ್ಸಿನವರೇ ಕೂತು ಮಾಡಿದ ಹಾಗೆ ಅಚ್ಚುಕಟ್ಟಾಗಿ ಕಾಣಬೇಕು ಅನ್ನುವ ಆಸೆ ಈಗ ಬಹಳ ಜನರಿಗಿದೆ. ಮುಂಬಯಿ ಸುತ್ತಮುತ್ತ, ಡೊಂಬಿವಲಿಯಲ್ಲಿ, ಮುಲುಂಡಿನಲ್ಲಿ, ನೆರೂಲಿನಲ್ಲಿ ಕೂತು ಕೇಳುತ್ತಿರುವ ನಿಮಗೆಲ್ಲ ನಾನು ಹೇಳುವುದು ಒಂದೇ ಮಾತು. ಹಾಳೆಗೊಂದೇ ಚಿತ್ರ. ಹನ್ನೆರಡು ತಿಂಗಳು, ಹನ್ನೆರಡು ಚಿತ್ರ. ಹದಿಮೂರನೆಯದು ಬೇಕಾದರೆ ಮುಖಪುಟಕ್ಕೆ.

ಯಾಕೆ ಅಂತೀರಾ? ಗೋಡೆಯ ಕ್ಯಾಲೆಂಡರನ್ನು ಯಾರೂ ಆಲ್ಬಮ್ಮಿನ ಹಾಗೆ ಮಡಿಲಲ್ಲಿಟ್ಟುಕೊಂಡು ನೋಡುವುದಿಲ್ಲ. ಆರೆಂಟು ಅಡಿ ದೂರದಿಂದ, ಚಹಾ ಕುಡಿಯುತ್ತಾ, ಚಪ್ಪಲಿ ಮೆಟ್ಟುತ್ತಾ ನೋಡುತ್ತಾರೆ. ಅಷ್ಟು ದೂರಕ್ಕೆ ಒಂಬತ್ತು ಫೋಟೋ ಜೋಡಿಸಿದ ಹಾಳೆಯಲ್ಲಿ ಒಂದು ಮುಖವೂ ಗುರುತು ಹತ್ತುವುದಿಲ್ಲ. ರಾಜಾ ರವಿವರ್ಮ 1894ರಲ್ಲಿ ಇದೇ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿದರು. ಅಲ್ಲಿಂದ ಮನೆಮನೆಯ ಗೋಡೆಗೆ ಹೋದ ಪಟಗಳನ್ನು ನೆನಪಿಸಿಕೊಳ್ಳಿ. ಒಂದು ಹಾಳೆಯಲ್ಲಿ ಲಕ್ಷ್ಮಿ, ಇನ್ನೊಂದರಲ್ಲಿ ಸರಸ್ವತಿ. ಬಾಗಿಲಲ್ಲಿ ನಿಂತವರಿಗೂ ಯಾವ ದೇವಿ ಎಂದು ತಿಳಿಯುತ್ತಿತ್ತು.

ಒಮ್ಮೆ ನಮ್ಮ ಪ್ರೆಸ್ಸಿಗೆ ಡೊಂಬಿವಲಿಯ ಒಂದು ಕುಟುಂಬ ಬಂತು. ಧಾರವಾಡ ಕಡೆಯವರು. ಮನೆಯ ಹಿರಿಯರಿಗೆ ಸಹಸ್ರಚಂದ್ರ ದರ್ಶನದ ಶಾಂತಿ, ಬಂದವರಿಗೆಲ್ಲ ಕ್ಯಾಲೆಂಡರ್ ಕೊಡಬೇಕು. ಪೆನ್‌ಡ್ರೈವ್ ತುಂಬ ಫೋಟೋ. ಮಗ ಹೇಳಿದರು, “ಸರ್, ಒಬ್ಬರನ್ನೂ ಬಿಡೋ ಹಾಂಗಿಲ್ಲ. ಹುಬ್ಬಳ್ಳಿ ಕಾಕಾ ಕಾಣಲಿಲ್ಲ ಅಂದ್ರ ವರ್ಷಗಟ್ಟಲೆ ಮಾತು ಬಿಡ್ತಾರ.” ನಾನು ಪರದೆಯ ಮೇಲೆ ಒಂದೊಂದೇ ಫೋಟೋ ಸರಿಸುತ್ತಾ ಹೋದೆ. ಎಲ್ಲದರಲ್ಲೂ ಹಿರಿಯರು ಶಾಲು ಹೊದ್ದು, ಹಾರ ಹಾಕಿಸಿಕೊಂಡು, ನೆಟ್ಟಗೆ ನಿಂತಿದ್ದಾರೆ. ನಡುವೆ ಒಂದು ಬೇರೆಯೇ ಫೋಟೋ. ಬಾಲ್ಕನಿಯಲ್ಲಿ ಮಣೆಯ ಮೇಲೆ ಕೂತು ಛತ್ರಿ ರಿಪೇರಿ ಮಾಡುತ್ತಿದ್ದಾರೆ. ಕನ್ನಡಕ ಹಣೆಗೇರಿದೆ, ದಾರದ ತುದಿ ಹಲ್ಲಿನಲ್ಲಿದೆ, ಮುರಿದ ಕಡ್ಡಿಯನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದಿದ್ದಾರೆ. ಪಕ್ಕದಿಂದ ಮಳೆಗಾಲದ ಬೂದು ಬೆಳಕು. ಇದೇ ಜೂನ್ ತಿಂಗಳು, ಅಂದೆ. ಮನೆಯವರಿಗೆ ಗಾಬರಿ. “ಬನಿಯನ್‌ನ್ಯಾಗ ಇದ್ದಾರಲ್ರೀ! ಮಂದಿ ಏನಂದಾರು?” ಫೋಟೋ ತೆಗೆದ ಸೊಸೆ ಮಾತ್ರ ಸುಮ್ಮನೆ ನಿಂತಿದ್ದರು. ಬಹಳ ಹೊತ್ತು ವಾದವಾಯಿತು. ಕೊನೆಗೆ ಹಿರಿಯರಿಗೇ ತೋರಿಸೋಣ ಎಂದು ಎಲ್ಲ ಮಾದರಿಗಳನ್ನೂ ಮನೆಗೆ ಒಯ್ದರು. ಹಿರಿಯರು ಅಂದದ್ದನ್ನು ಸೊಸೆ ಮರುದಿನ ನನಗೆ ಫೋನಿನಲ್ಲಿ ಹೇಳಿದರು: “ಉಳಿದದ್ದರಾಗೆಲ್ಲ ನಾ ಕ್ಯಾಮೆರಾ ನೋಡಾಕ್ಹತ್ತೀನಿ. ಇದರಾಗ ಛತ್ರಿ ನೋಡಾಕ್ಹತ್ತೀನಿ. ಇದನ್ನ ಹಾಕ್ರಿ.” ಅಲ್ಲಿಗೆ ಮುಗಿಯಿತು. ಉಳಿದ ಹನ್ನೊಂದನ್ನೂ ಅದೇ ಅಳತೆಗೋಲು ಹಿಡಿದು ಆರಿಸಿದೆವು. ಹುಬ್ಬಳ್ಳಿ ಕಾಕಾ ಮುಖಪುಟದ ಗುಂಪು ಫೋಟೋದಲ್ಲಿ ಬಂದರು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಹಾಳೆ 12 ಇಂಚು ಅಗಲ, 18 ಇಂಚು ಉದ್ದ ಇರಲಿ. ಮೇಲಿನ ಅರ್ಧ ಚಿತ್ರಕ್ಕೆ, ಕೆಳಗಿನ ಅರ್ಧ ತಾರೀಖಿಗೆ. 12ಕ್ಕೆ 9 ಇಂಚಿನ ಚಿತ್ರ ಚೊಕ್ಕವಾಗಿ ಬರಲು 3600ಕ್ಕೆ 2700 ಪಿಕ್ಸೆಲ್ ಬೇಕು. 12 ಮೆಗಾಪಿಕ್ಸೆಲ್ ಫೋನನ್ನು ಅಡ್ಡ ಹಿಡಿದು ತೆಗೆದರೆ 4000ಕ್ಕೆ 3000 ಸಿಗುತ್ತದೆ, ಧಾರಾಳವಾಯಿತು. ಆದರೆ ಅದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೋ ಅಂತ ಕಳಿಸಿದರೆ ಕುಗ್ಗಿಹೋಗುತ್ತದೆ. ದಯವಿಟ್ಟು ಡಾಕ್ಯುಮೆಂಟ್ ಅಂತ ಕಳಿಸಿ. ಇದನ್ನು ಎಷ್ಟು ಸಲ ಹೇಳಿದರೂ ಜನ ಕೇಳುವುದಿಲ್ಲ!

ಫೋನಿನ ಪರದೆ ಒಳಗಿಂದ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಹಾಗಾಗಿ ಚಿತ್ರವನ್ನು ಕಣ್ಣಿಗೆ ಸರಿ ಅನಿಸಿದ್ದಕ್ಕಿಂತ ತುಸು ಹೆಚ್ಚು ಬೆಳಕಾಗಿಸಿ. ಅಂಚು ಕತ್ತರಿಸಲು ಚಿತ್ರವನ್ನೇ ಸುತ್ತ 3 ಮಿಲಿಮೀಟರ್ ಹೆಚ್ಚು ಚಾಚಿ ಬಿಡಿ. ಮೇಲೆ ಹಾಳೆಗಳನ್ನು ಪೋಣಿಸುವ ವೈರೋ ತಂತಿಯ ತೂತು ಬೀಳುವಲ್ಲಿ ಯಾರ ತಲೆಯೂ ಇರಬಾರದು. ಕಾಗದ ಮ್ಯಾಟ್, ಅಂದರೆ ಹೊಳಪಿಲ್ಲದ್ದು, ಇರಲಿ. ಗ್ಲಾಸಿ ಆದರೆ ಟ್ಯೂಬ್‌ಲೈಟ್ ಹೊಳೆಯುತ್ತದೆ, ಗ್ಯಾಸ್ ಸಿಲಿಂಡರ್ ಬಂದ ದಿನ ಬರೆಯಹೋದರೆ ಪೆನ್ನೂ ಜಾರುತ್ತದೆ.

ಕನ್ನಡದಲ್ಲಿ ತಿಂಗಳ ಹೆಸರು ಹಾಕುವವರು ಮುಖ್ಯವಾಗಿ ಕೇಳಿ. ಇಲ್ಲಿನ ಎಷ್ಟೋ ಪ್ರೆಸ್ಸುಗಳ ಕಂಪ್ಯೂಟರಿನಲ್ಲಿ ನಿಮ್ಮ ಕನ್ನಡ ಫಾಂಟ್ ಇರುವುದಿಲ್ಲ. ವರ್ಡ್ ಫೈಲ್ ಕೊಟ್ಟರೆ ಅಕ್ಟೋಬರಿನ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ಆಗಿಬಿಡಬಹುದು. ಫಾಂಟ್ ಸೇರಿಸಿದ ಪಿಡಿಎಫ್ ಕೊಡಿ. ಮೇ 1ರ ಮಹಾರಾಷ್ಟ್ರ ದಿನವೂ ಇರಲಿ, ನವೆಂಬರ್ 1ರ ರಾಜ್ಯೋತ್ಸವವೂ ಇರಲಿ. 2027ಕ್ಕೆ ಮಾಡಿಸುವವರು ಗಮನಿಸಿ: ಜನವರಿ 1 ಶುಕ್ರವಾರ. ಭಾನುವಾರದಿಂದ ವಾರ ಶುರುಮಾಡಿದರೆ ಆ ತಿಂಗಳಿಗೆ ಆರು ಸಾಲು ಬೇಕು. ಮೇ, ಅಕ್ಟೋಬರಿಗೂ ಹಾಗೆಯೇ.

ಇಪ್ಪತ್ತು, ಐವತ್ತು ಪ್ರತಿಗೆ ಫೈಲಿನಿಂದ ನೇರ ಅಚ್ಚಾಗುವ ಡಿಜಿಟಲ್ ಮುದ್ರಣ ಸಾಕು. ಆಫ್‌ಸೆಟ್‌ಗೆ ಅಚ್ಚು ಹಾಕುವ ಪ್ಲೇಟ್ ಮಾಡಿಸುವ ಖರ್ಚು ಬೇರೆ, ಅದು ನೂರಾರು ಪ್ರತಿ ಇದ್ದವರಿಗೆ. ಮೊದಲು ಒಂದೇ ಪ್ರತಿ ತೆಗೆಸಿ, ಮನೆಯ ಗೋಡೆಗೆ ತೂಗುಹಾಕಿ, ಎದುರಿನ ಗೋಡೆಗೆ ಒರಗಿ ನಿಂತು ನೋಡಿ. ಡಿಸೆಂಬರಿನಲ್ಲಿ ಪ್ರೆಸ್ಸುಗಳಿಗೆ ಡೈರಿ, ಕ್ಯಾಲೆಂಡರಿನ ನೂಕುನುಗ್ಗಲು, ನಿಮ್ಮ ಸಣ್ಣ ಕೆಲಸ ಹಿಂದೆ ಬೀಳುತ್ತದೆ. ದೀಪಾವಳಿಯ ಫರಾಳ ಮುಗಿಯುವ ಮೊದಲೇ ಫೈಲ್ ಕೊಟ್ಟುಬಿಡಿ. ನಮಸ್ಕಾರ.