ಕಾಚಂಪುಳಿಯ ಬಾಟಲಿ ಮತ್ತು ಕ್ಯಾಪ್ಸೂಲಿನ ಡಬ್ಬಿ

ಮಾನ್ಯರೇ,

ನಮ್ಮ ಕೊಡಗಿನ ಕಪ್ಪು ಹುಳಿರಸವಾದ ಕಾಚಂಪುಳಿ ಇಲ್ಲದಿದ್ದರೆ, ಹಂದಿಮಾಂಸದ ಪಂದಿಕರಿಗೆ ಆ ಕಪ್ಪೂ ಬಾರದು, ಆ ಹುಳಿಯೂ ಬಾರದು. ಹಣ್ಣಾದ ಪಣಪುಳಿಯನ್ನು ಬುಟ್ಟಿಯಲ್ಲಿಟ್ಟು, ಸೋರಿದ ರಸವನ್ನು ಮಂದವಾಗುವ ತನಕ ಕುದಿಸುವ ಕೆಲಸವನ್ನು ಇಲ್ಲಿ ಕುಳಿತಿರುವ ಅನೇಕರು ಕೈಯಾರೆ ಮಾಡಿದ್ದೀರಿ. ಕೆಲವು ವರ್ಷಗಳ ಹಿಂದೆ ನನ್ನ ಅತ್ತಿಗೆಯವರ ಮನೆಗೆ ಹೋದಾಗ, ಒಲೆಯ ಪಕ್ಕದಲ್ಲಿ ಆ ಕಪ್ಪು ಬಾಟಲಿಯನ್ನೂ, ಊಟದ ಮೇಜಿನ ಮೇಲೆ ‘ಗಾರ್ಸಿನಿಯಾ’ ಎಂದು ಬರೆದಿದ್ದ ತೂಕ ಇಳಿಸುವ ಕ್ಯಾಪ್ಸೂಲಿನ ಡಬ್ಬಿಯನ್ನೂ ಒಟ್ಟಿಗೇ ಕಂಡೆ. ಎರಡೂ ಒಂದೇ ಮರದ ಹಣ್ಣಿನಿಂದ ಬಂದವು. ಕನ್ನಡದಲ್ಲಿ ಉಪ್ಪಾಗೆ ಎನ್ನುತ್ತೇವೆ, ಸಸ್ಯಶಾಸ್ತ್ರದವರು ಗಾರ್ಸಿನಿಯಾ ಗುಮ್ಮಿ-ಗುಟ್ಟ ಎನ್ನುತ್ತಾರೆ. ಇದನ್ನು ಹೇಳಿದಾಗ ಅತ್ತಿಗೆಯವರಿಗೆ ಮೊದಲು ನಗು ಬಂತು. ಡಬ್ಬಿಯ ಬೆಲೆ ನೆನಪಾದ ಕೂಡಲೇ ಆ ನಗು ನಿಂತಿತು.

ಆ ಡಬ್ಬಿಯ ಮೇಲಿದ್ದದ್ದು ಪೂರ್ತಿ ಸುಳ್ಳಲ್ಲ ಎಂಬುದೇ ಇಲ್ಲಿಯ ತೊಡಕು. ಈ ಹಣ್ಣಿನಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವು, ನಾವು ತಿಂದ ಅನ್ನ ಸಕ್ಕರೆಗಳನ್ನು ದೇಹ ಕೊಬ್ಬಾಗಿ ಮಾರ್ಪಡಿಸುವಾಗ ಬೇಕಾಗುವ ಒಂದು ಕಿಣ್ವವನ್ನು ತಡೆಯುತ್ತದೆ. ಇಲಿಗಳಲ್ಲಿ ಅದರ ಪರಿಣಾಮ ಕಂಡದ್ದೂ ಉಂಟು. ಮನುಷ್ಯರಲ್ಲಿ ಏನಾಗುತ್ತದೆ ಎಂಬುದನ್ನು ನೋಡಿದ ಪ್ರಯೋಗವೊಂದು 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ತೂಕ ಹೆಚ್ಚಿದ್ದ 135 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಆಮ್ಲವನ್ನೂ ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಹುಸಿಗುಳಿಗೆಯನ್ನೂ 12 ವಾರ ಕೊಟ್ಟರು. ಎರಡೂ ಗುಂಪಿನವರಿಗೆ ಕ್ಯಾಲೊರಿ ಕಡಿಮೆಯಿದ್ದು ನಾರು ಹೆಚ್ಚಿರುವ ಊಟವನ್ನೇ ಹೇಳಿದ್ದರು. ಆಮ್ಲ ಸೇವಿಸಿದವರು ಸರಾಸರಿ 3.2 ಕಿಲೋ ಇಳಿದರು. ಹುಸಿಗುಳಿಗೆ ನುಂಗಿದವರು 4.1 ಕಿಲೋ ಇಳಿದರು.

ಹುಸಿಗುಳಿಗೆಯೇ ಮೇಲು ಎಂದು ಇದರಿಂದ ತಿಳಿಯಬೇಕಾಗಿಲ್ಲ. ಅಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು. ಆದರೆ ಎರಡನೆಯ ಗುಂಪೇ ಇರಲಿಲ್ಲ ಎಂದುಕೊಳ್ಳಿ. ಆಗ ಉಳಿಯುತ್ತಿದ್ದ ಸುದ್ದಿ, ಮೂರು ತಿಂಗಳಲ್ಲಿ ಮೂರು ಕಿಲೋ ಕರಗಿತು ಎಂಬುದಷ್ಟೇ. ಜಾಹೀರಾತಿನಲ್ಲಿ ಕಾಣುವ ‘ಮೊದಲು’ ಮತ್ತು ‘ನಂತರ’ದ ಚಿತ್ರಗಳೆಲ್ಲ ಆ ಎರಡನೆಯ ಗುಂಪಿಲ್ಲದ ಚಿತ್ರಗಳು. ಡಬ್ಬಿಯ ಜೊತೆಗೆ ಬರುವ ಚೀಟಿಯಲ್ಲಿ ‘ರಾತ್ರಿ ಮಿತಾಹಾರ, ದಿನಕ್ಕೆ ಅರ್ಧ ಗಂಟೆ ನಡಿಗೆ’ ಎಂದೂ ಸಣ್ಣ ಅಕ್ಷರದಲ್ಲಿ ಇರುತ್ತದೆ. ಕೆಲಸ ಮಾಡುವುದು ಚೀಟಿ, ಹೆಸರು ಬರುವುದು ಡಬ್ಬಿಗೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಮದುವೆಯ ಋತುವೋ ಸುಗ್ಗಿಯ ಹಬ್ಬವಾದ ಪುತ್ತರಿಯೋ ಮುಗಿದು ತೂಕ ತುತ್ತತುದಿಗೆ ಏರಿದಾಗಲೇ ನಾವು ಇಂಥದ್ದನ್ನು ಕೊಳ್ಳುವುದು. ಆ ಹೊತ್ತಿನಲ್ಲಿ ಏನನ್ನೂ ಕೊಳ್ಳದಿದ್ದರೂ ಒಂದೆರಡು ಕಿಲೋ ತಾನಾಗಿ ಇಳಿಯುವ ಸಂಭವ ಹೆಚ್ಚು.

‘ಏಳು ದಿನಗಳಲ್ಲಿ ಮೂರು ಕಿಲೋ’ ಎಂಬ ಜಾಹೀರಾತಿನ ಮಾತನ್ನು ಪರೀಕ್ಷಿಸಲು ಕಾಫಿ ಬೆಳೆಗಾರರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಣದಲ್ಲಿ ಹರಡಿದ ಹಣ್ಣು ಒಣಗಿದಾಗ ತೂಕ ಎಷ್ಟೋ ಇಳಿಯುತ್ತದೆ, ಹಾಗೆಂದು ಬೀಜ ಕಡಿಮೆಯಾಯಿತು ಎಂದು ಯಾರೂ ಅಳುವುದಿಲ್ಲ, ಹೋದದ್ದು ನೀರು ಎಂಬುದು ಆಳುಮಕ್ಕಳಿಗೂ ಗೊತ್ತು. ದೇಹದ ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಗ್ಲೈಕೊಜೆನ್ ಎಂಬ ಪಿಷ್ಟದ ದಾಸ್ತಾನಿದೆ. ಅದರ ಪ್ರತಿ ಗ್ರಾಮಿನೊಂದಿಗೆ ಸುಮಾರು 3 ಗ್ರಾಂ ನೀರು ಕೂಡಿಕೊಂಡಿರುತ್ತದೆ. ಅಕ್ಕಿರೊಟ್ಟಿ, ಅಕ್ಕಿತರಿಯ ಉಂಡೆಯಾದ ಕಡಂಬುಟ್ಟುಗಳನ್ನು ಥಟ್ಟನೆ ಬಿಟ್ಟವರಲ್ಲಿ ಮೊದಲು ಖಾಲಿಯಾಗುವುದು ಈ ದಾಸ್ತಾನು, ಅದರೊಂದಿಗೆ ಆ ನೀರು. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಇರುವುದರಿಂದ, ವಾರದಲ್ಲಿ ಮೂರು ಕಿಲೋ ಕೊಬ್ಬನ್ನೇ ಕಳೆಯಬೇಕಾದರೆ ದಿನಕ್ಕೆ 3,300ರಷ್ಟು ಕೊರತೆ ಬೀಳಬೇಕು. ನಮ್ಮಲ್ಲಿ ಬಹುಪಾಲು ಜನ ದಿನವಿಡೀ ಖರ್ಚು ಮಾಡುವುದೇ ಅಷ್ಟಿಲ್ಲ.

ಕಾಫಿಯ ಮಾತು ಬಂದದ್ದರಿಂದ ಹಸಿರು ಕಾಫಿಯ ಕಥೆಯನ್ನೂ ಹೇಳಬೇಕು. ಹುರಿಯದ ಬೀಜದ ಸಾರ ಸೇವಿಸಿದರೆ ಊಟ ವ್ಯಾಯಾಮ ಏನನ್ನೂ ಬದಲಿಸದೆ 22 ವಾರಗಳಲ್ಲಿ ಸುಮಾರು 8 ಕಿಲೋ ಇಳಿಯುತ್ತದೆ ಎಂಬ ಪ್ರಚಾರಕ್ಕೆ 2012ರಲ್ಲಿ ಪ್ರಕಟವಾದ ಒಂದು ಲೇಖನವೇ ಆಧಾರವಾಗಿತ್ತು. ಭಾರತದಲ್ಲಿ ನಡೆದ ಆ ಅಧ್ಯಯನದಲ್ಲಿ ಇದ್ದವರು ಕೇವಲ 16 ಜನ. ಅಮೆರಿಕದ ಜನಪ್ರಿಯ ಟಿ.ವಿ. ವೈದ್ಯರೊಬ್ಬರು ಕಾರ್ಯಕ್ರಮದಲ್ಲಿ ಹೊಗಳಿದ ಮೇಲೆ ಮಾಲು ಬಿಸಿಬಿಸಿಯಾಗಿ ಬಿಕರಿಯಾಯಿತು. ಅಲ್ಲಿನ ವ್ಯಾಪಾರ ಆಯೋಗ ಕೆದಕಿದಾಗ ಹೊರಬಿದ್ದ ಸಂಗತಿಗಳು ಬೇರೆಯೇ: ಭಾಗವಹಿಸಿದವರ ತೂಕದ ಅಂಕಿಗಳನ್ನೇ ತಿದ್ದಲಾಗಿತ್ತು, ಅಧ್ಯಯನದ ಅವಧಿಯನ್ನು ಬದಲಿಸಲಾಗಿತ್ತು, ಯಾರಿಗೆ ಸಾರ, ಯಾರಿಗೆ ಹುಸಿಗುಳಿಗೆ ಎಂಬುದೂ ಕಲಸಿಹೋಗಿತ್ತು. ಅಧ್ಯಯನಕ್ಕೆ ಹಣ ಕೊಟ್ಟ, ಆ ಸಾರವನ್ನು ಮಾರುತ್ತಿದ್ದ ಕಂಪನಿ 2014ರಲ್ಲಿ 35 ಲಕ್ಷ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು. ಅದೇ ವರ್ಷ ಲೇಖನವನ್ನೂ ಹಿಂತೆಗೆದುಕೊಳ್ಳಲಾಯಿತು. ಒಂದು ಚೀಲ ಕಾಫಿ ಚೆರಿ ಮಾರುವಾಗ ತೇವಾಂಶ ಎಷ್ಟು, ಔಟ್‌ಟರ್ನ್ (ಅದರಿಂದ ದಕ್ಕುವ ಬೀಜದ ಪ್ರಮಾಣ) ಎಷ್ಟು, ತಕ್ಕಡಿ ಯಾರದು ಎಂದು ಕೇಳದೆ ಬಿಡದ ನಾವು, ಅದೇ ಬೀಜ ಪುಡಿಯಾಗಿ ಮರಳಿ ಬಂದಾಗ ಅಳೆದವರು ಯಾರು ಎಂದು ಕೇಳುವುದಿಲ್ಲ. ಬೆಳಿಗ್ಗೆ ಬಿಸಿನೀರಿಗೆ ಬೆರೆಸುವ ನಮ್ಮ ಜೇನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೊಡ್ಡ ಚಮಚೆಯೊಂದರಲ್ಲಿ ಸುಮಾರು 60 ಕಿಲೋಕ್ಯಾಲೊರಿ ಇದೆ, ನಿಂಬೆ ಹಿಂಡಿದರೂ ಅದು ಕರಗುವುದಿಲ್ಲ.

ಡಬ್ಬಿಯ ಮೇಲೆ ಪರವಾನಗಿಯ 14 ಅಂಕಿಗಳಿವೆಯಲ್ಲ ಎಂದು ಕೆಲವರು ಕೇಳುತ್ತಾರೆ. ಅದು ತಯಾರಕರಿಗೆ ಆಹಾರ ವ್ಯವಹಾರ ನಡೆಸಲು ಸಿಕ್ಕ ಪರವಾನಗಿಯ ಸಂಖ್ಯೆ, ತೂಕ ಇಳಿಯುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ. ಔಷಧಿಯಿಂದ ವಾಸಿಯಾಗುತ್ತದೆ ಎಂದು ಜಾಹೀರಾತು ಕೊಡಬಾರದ ಕಾಯಿಲೆಗಳ ಪಟ್ಟಿಯೊಂದು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಲ್ಲಿದೆ. ಅದರಲ್ಲಿ ಬೊಜ್ಜೂ ಸೇರಿದೆ. ‘ಆಹಾರ ಪೂರಕ’ ಎಂಬ ಹಣೆಪಟ್ಟಿ ಮಾರುವವರಿಗೆ ಯಾಕೆ ಅಷ್ಟು ಪ್ರಿಯ ಎಂಬುದು ಇದರಿಂದ ಸ್ವಲ್ಪ ತಿಳಿಯುತ್ತದೆ. ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯವೂ ಅಲ್ಲ. ಗಾರ್ಸಿನಿಯಾ ಬೆರೆತ ಗುಳಿಗೆಗಳಿಂದ ಪಿತ್ತಜನಕಾಂಗ ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ; ಸಾರಿಗೆ ಬೀಳುವ ಒಂದು ಚಮಚೆ ಕಾಚಂಪುಳಿಗೂ ದಿನಕ್ಕೆ ಮೂರು ಸಲ ನುಂಗುವ ಗಟ್ಟಿ ಸಾರಕ್ಕೂ ಹೋಲಿಕೆಯಿಲ್ಲ. ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯದಿಂದಾಗಿ 2010ರಲ್ಲಿ ಅಮೆರಿಕ, ಯುರೋಪುಗಳ ಮಾರುಕಟ್ಟೆಯಿಂದ ಹೊರಬಿದ್ದು, ನಮ್ಮಲ್ಲಿಯೂ ನಿಷೇಧಗೊಂಡ ಸಿಬುಟ್ರಮಿನ್ ಎಂಬ ಔಷಧಿ, ‘ಶುದ್ಧ ಸಸ್ಯಮೂಲ’ ಎಂದು ಮಾರಾಟವಾಗುವ ಪುಡಿ ಗುಳಿಗೆಗಳಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. ಆದ್ದರಿಂದ, ಗಿಡಮೂಲಿಕೆಯೊಂದು ವಾರದೊಳಗೆ ಹಸಿವನ್ನೇ ಅಡಗಿಸಿಬಿಟ್ಟರೆ ಖುಷಿಪಡುವ ಬದಲು ಅನುಮಾನಪಡುವುದು ಒಳ್ಳೆಯದು.

ಎಲ್ಲವನ್ನೂ ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಕಾಚಂಪುಳಿಯ ಕ್ಯಾಪ್ಸೂಲನ್ನು ಬೀಳಿಸಿದ ಅದೇ ಬಗೆಯ ಪರೀಕ್ಷೆಯಲ್ಲಿ, ತೂಕ ಇಳಿಸಲು ಕೊಡುವ ಸೆಮಾಗ್ಲುಟೈಡ್ ಎಂಬ ಚುಚ್ಚುಮದ್ದು ತೇರ್ಗಡೆಯಾಯಿತು. 2021ರಲ್ಲಿ ಪ್ರಕಟವಾದ, 1,961 ಜನರಿದ್ದ ಪ್ರಯೋಗದಲ್ಲಿ 68 ವಾರಗಳ ಬಳಿಕ ಔಷಧಿ ಪಡೆದವರ ತೂಕ ಸರಾಸರಿ ಶೇ. 14.9ರಷ್ಟು, ಹುಸಿಮದ್ದಿನವರ ತೂಕ ಶೇ. 2.4ರಷ್ಟು ಇಳಿಯಿತು. ವಾಕರಿಕೆ, ವಾಂತಿ, ಭೇದಿ ಸಾಮಾನ್ಯ. ಇಳಿದ ತೂಕದಲ್ಲಿ ಸ್ನಾಯುವಿನ ಪಾಲೂ ಇರುತ್ತದೆ. 2025ರಿಂದ ಈ ಔಷಧಿ ತೂಕ ಇಳಿಸುವ ಮದ್ದಾಗಿಯೇ ಭಾರತದಲ್ಲಿ ಸಿಗುತ್ತಿದೆ. ಅದು ಬೇಕೇ ಬೇಡವೇ ಎಂಬುದು ನೀವೂ ನಿಮ್ಮ ವೈದ್ಯರೂ ಕುಳಿತು ತೀರ್ಮಾನಿಸಬೇಕಾದ ಸಂಗತಿ. ಆದರೆ ಚುಚ್ಚುಮದ್ದು ಶುರುಮಾಡುವ ಮೊದಲೇ, ನಿಲ್ಲಿಸಿದರೆ ಏನಾಗುತ್ತದೆ ಎಂದು ಅವರನ್ನು ಕೇಳಿ. ಅದೇ ಪ್ರಯೋಗದಲ್ಲಿದ್ದವರ ಪೈಕಿ ಕೆಲವರನ್ನು ಮದ್ದು ನಿಲ್ಲಿಸಿದ ಮೇಲೂ ಒಂದು ವರ್ಷ ಗಮನಿಸಿದಾಗ, ಇಳಿದಿದ್ದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಬಂದಿತ್ತು.