ಮ್ವಾಲಿಮು ಎಂದರೆ ಮೇಷ್ಟ್ರು

ಕೇಳುಗರಿಗೆಲ್ಲ ನಮಸ್ಕಾರ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತನಾದವನು. ಚಿತ್ರದುರ್ಗ ಆಕಾಶವಾಣಿಯವರು ಏಳು ನಿಮಿಷ ಕೊಟ್ಟು, ಶಿಕ್ಷಕರಾಗಿದ್ದು ಮುಂದೆ ದೇಶದ ರಾಜಕಾರಣಕ್ಕೆ ಬಂದ ಒಬ್ಬರ ಬಗ್ಗೆ ಮಾತನಾಡಿ ಎಂದರು. ರಾಧಾಕೃಷ್ಣನ್ ಅವರ ವಿಷಯವನ್ನು ಪ್ರತಿ ಸೆಪ್ಟೆಂಬರ್ 5ಕ್ಕೆ ಕೇಳಿಯೇ ಕೇಳುತ್ತೀರಿ. ನಾನು ಆಫ್ರಿಕಾಕ್ಕೆ ಹೋಗುತ್ತೇನೆ.

ಹೆಸರು ಜೂಲಿಯಸ್ ನೈರೆರೆ. ದೇಶ ಟಾಂಜಾನಿಯಾ. ಇಪ್ಪತ್ತಕ್ಕೂ ಹೆಚ್ಚು ವರ್ಷ ರಾಷ್ಟ್ರಾಧ್ಯಕ್ಷರಾಗಿದ್ದರು. ಆದರೆ ಅಲ್ಲಿನ ಜನ ಅವರನ್ನು ಇಂದಿಗೂ ನೆನೆಯುವುದು 'ಮ್ವಾಲಿಮು' ಎಂದು. ಸ್ವಾಹಿಲಿ ಭಾಷೆಯಲ್ಲಿ ಮ್ವಾಲಿಮು ಎಂದರೆ ಮೇಷ್ಟ್ರು, ಅಷ್ಟೆ. ನಮ್ಮ ಭಾರತ ಸರ್ಕಾರ ಗಾಂಧಿ ಶಾಂತಿ ಪ್ರಶಸ್ತಿಯನ್ನು 1995ರಲ್ಲಿ ಮೊಟ್ಟಮೊದಲು ಕೊಟ್ಟಿದ್ದು ಈ ಮೇಷ್ಟ್ರಿಗೇ.

ಹುಟ್ಟಿದ್ದು 1922ರಲ್ಲಿ, ವಿಕ್ಟೋರಿಯಾ ಸರೋವರದ ಕಡೆಯ ಬುಟಿಯಾಮ ಎಂಬ ಹಳ್ಳಿಯಲ್ಲಿ. ತಂದೆ ಬುಡಕಟ್ಟಿನ ಮುಖಂಡರು. ಹಾಗೆಂದು ಹುಡುಗನಿಗೆ ಕುರಿ ಕಾಯುವುದು ತಪ್ಪಲಿಲ್ಲ. ಶಾಲೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಹನ್ನೆರಡು ವರ್ಷ. ಹಿರಿಯೂರು, ಚಳ್ಳಕೆರೆ ಕಡೆಯ ಕೆಲವು ಹಿರಿಯರಿಗೆ ಇದು ತಮ್ಮದೇ ಕಥೆ ಅನ್ನಿಸಬಹುದು. ಮುಂದೆ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಎಂ.ಎ. ಮುಗಿಸಿ ದೇಶಕ್ಕೆ ಮರಳಿ, ದಾರ್ ಎಸ್ ಸಲಾಮ್ ಪಟ್ಟಣದ ಹತ್ತಿರದ ಪುಗು ಎಂಬಲ್ಲಿ ಮೇಷ್ಟ್ರ ಕೆಲಸ ಹಿಡಿದರು. 1954ರಲ್ಲಿ ಬ್ರಿಟಿಷರಿಂದ ಸ್ವಾತಂತ್ರ್ಯ ಪಡೆಯಲು ಪಕ್ಷ ಕಟ್ಟಿದರು. ಮರುವರ್ಷ ಪಕ್ಷವೋ ನೌಕರಿಯೋ ಎಂಬ ಪ್ರಶ್ನೆ ಬಂತು. ಮದುವೆಯಾಗಿ ಎರಡೇ ವರ್ಷವಾಗಿತ್ತು. ನೌಕರಿ ಬಿಟ್ಟರು.

ನೌಕರಿ ಬಿಟ್ಟರು, ಮೇಷ್ಟ್ರುತನ ಬಿಡಲಿಲ್ಲ. ನಾನು ಹೇಳಬೇಕೆಂದಿರುವುದು ಇದೊಂದೇ. ಎದುರಿಗೆ ಕುಳಿತವನಿಗೆ ತಿಳಿಯುವ ಮಾತಿನಲ್ಲಿ ಹೇಳುವುದು ಮೇಷ್ಟ್ರುತನ. ಪಠ್ಯಪುಸ್ತಕದಲ್ಲಿ ಇದ್ದದ್ದನ್ನು ಇದ್ದಂತೆ ಒಪ್ಪಿಸಿ ಗಂಟೆ ಹೊಡೆಯುವುದನ್ನು ಕಾಯುವುದು ಮೇಷ್ಟ್ರುತನವಲ್ಲ.

ಒಂದು ಪ್ರಸಂಗ ಹೇಳುತ್ತೇನೆ. ರೇಡಿಯೋ ಕೇಳುವವರು ನೀವು, ನಿಮಗೆ ಹಿಡಿಸುತ್ತದೆ.

1973. ಆ ದೇಶದ ಹಳ್ಳಿಗಳಲ್ಲಿ ಮಲೇರಿಯಾ, ಕೊಕ್ಕೆಹುಳು, ಆಮಶಂಕೆ. ಊರೂರಿಗೆ ಕಳಿಸಲು ಡಾಕ್ಟರುಗಳಿಲ್ಲ. ಓದು ಬಾರದವರು ಬಹಳ. ನೈರೆರೆಯವರ ಸರ್ಕಾರ ಏನು ಮಾಡಿತು? ರೇಡಿಯೋ ಹಿಡಿಯಿತು. 'ಮ್ತು ನಿ ಆಫ್ಯಾ' ಎಂದು ಹೆಸರು, ಮನುಷ್ಯನೆಂದರೆ ಆರೋಗ್ಯ ಎಂದು ಅರ್ಥ. ಹನ್ನೆರಡು ವಾರಗಳ ಕಾರ್ಯಕ್ರಮ. ನಮ್ಮಲ್ಲಿಯಾಗಿದ್ದರೆ ಒಬ್ಬ ಅಧಿಕಾರಿ ಬಂದು 'ಸಾಂಕ್ರಾಮಿಕ ರೋಗಗಳ ನಿಯಂತ್ರಣೋಪಾಯಗಳು' ಎಂದು ಶುರು ಮಾಡುತ್ತಿದ್ದರು, ನೀವು ಎದ್ದು ಒಲೆಯ ಮೇಲಿನ ಹಾಲು ನೋಡಲು ಹೋಗುತ್ತಿದ್ದಿರಿ. ಅಲ್ಲಿ ಹಾಗಾಗಲಿಲ್ಲ. ಹಳ್ಳಿಹಳ್ಳಿಯಲ್ಲಿ ಸಣ್ಣ ಸಣ್ಣ ಗುಂಪು ಕಟ್ಟಿದರು. ಗುಂಪಿಗೊಬ್ಬ ಮುಂದಾಳು, ಅವನಿಗೆ ಮೊದಲೇ ತರಬೇತಿ, ಕೈಯಲ್ಲೊಂದು ಸಣ್ಣ ಪುಸ್ತಕ. ಎಲ್ಲರೂ ರೇಡಿಯೋ ಸುತ್ತ ಕುಳಿತು ಕೇಳುವುದು. ಮುಗಿದ ಕೂಡಲೇ ಎದ್ದು ಹೋಗುವಂತಿಲ್ಲ. ಓದು ಬಂದವನು ಪುಸ್ತಕ ಓದಿ ಹೇಳಬೇಕು, ಉಳಿದವರು ಪ್ರಶ್ನೆ ಕೇಳಬೇಕು, ನಮ್ಮ ಊರಿನಲ್ಲಿ ನೀರು ಎಲ್ಲಿ ನಿಂತಿದೆ ಎಂದು ಲೆಕ್ಕ ಹಾಕಬೇಕು. ಆಮೇಲೆ ಗುದ್ದಲಿ ಹಿಡಿಯಬೇಕು! ಗುಂಡಿ ತೋಡಿ ಪಾಯಖಾನೆ ಕಟ್ಟಿದರು, ಮನೆಯ ಸುತ್ತಲಿನ ಪೊದೆ ಕಡಿದರು, ಕೊಚ್ಚೆ ಹರಿಯಲು ದಾರಿ ಮಾಡಿದರು. ಸೇರಿದವರು ಎಷ್ಟು ಜನ? ಸುಮಾರು 20 ಲಕ್ಷ. ಅಷ್ಟು ದೊಡ್ಡ ತರಗತಿಯನ್ನು ನಾನು ಕನಸಿನಲ್ಲಿಯೂ ಕಂಡಿಲ್ಲ. ನನ್ನ ತರಗತಿಯ ಅರವತ್ತು ಹುಡುಗರೇ ಕೊನೆಯ ಬೆಂಚಿನವರೆಗೆ ಕಿವಿಗೊಟ್ಟ ದಿನಗಳನ್ನು ಬೆರಳಿನಲ್ಲಿ ಎಣಿಸಬಹುದು.

ನಾನು ಚಿಕ್ಕವನಿದ್ದಾಗ ನಮ್ಮೂರ ಪಂಚಾಯಿತಿ ಕಟ್ಟೆಯಲ್ಲಿ ಒಂದು ರೇಡಿಯೋ ಇತ್ತು. ಮರದ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕುತ್ತಿದ್ದರು. ಬೀಗದ ಕೈ ಇದ್ದವನು ಸಂಜೆ ಬಂದು ತಿರುಗಿಸಿದರೆ ಕೃಷಿರಂಗ, ಬಾರದಿದ್ದರೆ ಇಲ್ಲ. ಕೇಳಿ ಮುಗಿಸಿ ಎಲ್ಲರೂ ಪಂಚೆ ಕೊಡವಿಕೊಂಡು ಮನೆಗೆ. ರೇಡಿಯೋ ಅಲ್ಲಿಯೂ ಇತ್ತು, ಇಲ್ಲಿಯೂ ಇತ್ತು. ಅಲ್ಲಿ ಅದನ್ನು ಆರಿಸಿದ ಮೇಲೆ ಪಾಠ ಶುರುವಾಗುತ್ತಿತ್ತು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ನೂರಕ್ಕೂ ಹೆಚ್ಚು ಭಾಷೆಗಳ ದೇಶದಲ್ಲಿ ಅವರು ಸ್ವಾಹಿಲಿಯನ್ನು ಆಡಳಿತಕ್ಕೂ ಪ್ರಾಥಮಿಕ ಶಾಲೆಗೂ ತಂದರು. ಶೇಕ್ಸ್‌ಪಿಯರನ ಎರಡು ನಾಟಕಗಳನ್ನು ಅಧಿಕಾರದಲ್ಲಿದ್ದಾಗಲೇ ಸ್ವತಃ ಸ್ವಾಹಿಲಿಗೆ ಅನುವಾದಿಸಿದರು. ನಮ್ಮ ಮಂತ್ರಿಗಳಿಗೆ ಕಡತ ಓದಲೂ ಬಿಡುವಿಲ್ಲ ಎನ್ನುತ್ತಾರೆ, ಇರಲಿ.

ಚಳ್ಳಕೆರೆಯ ಶೇಂಗಾ ಬೆಳೆಗಾರರಿಗೆ ಒಂದು ಮಾತು. ಅದೇ ನಾಡಿನಲ್ಲಿ, ನೈರೆರೆ ಬರುವ ಮೊದಲು, ಬ್ರಿಟಿಷರು 1947ರಲ್ಲಿ ಟ್ರ್ಯಾಕ್ಟರುಗಳನ್ನು ಹಡಗಿನಲ್ಲಿ ತರಿಸಿ ಶೇಂಗಾ ಬೆಳೆಯಲು ಹೊರಟಿದ್ದರು. ಮಳೆ ಕೈಕೊಟ್ಟು ಜೇಡಿಮಣ್ಣು ಇಟ್ಟಿಗೆಯಂತೆ ಗಟ್ಟಿಯಾಯಿತು. ಮೂರೂವರೆ ಕೋಟಿ ಪೌಂಡಿಗೂ ಹೆಚ್ಚು ಹಣ ಮಣ್ಣುಪಾಲು ಮಾಡಿ 1951ರಲ್ಲಿ ಕೈಬಿಟ್ಟರು. ಅಲ್ಲಿಯ ರೈತನನ್ನು ಕೂರಿಸಿಕೊಂಡು ಕೇಳಿದ್ದರೆ ಒಂದು ಲೋಟ ಚಹಾದ ಖರ್ಚಿನಲ್ಲಿ ಮುಗಿಯುತ್ತಿತ್ತು.

ಮೇಷ್ಟ್ರೂ ಒಮ್ಮೆ ಹೀಗೆಯೇ ಎಡವಿದರು. ಚದುರಿದ ಮನೆಗಳನ್ನೆಲ್ಲ ಒಟ್ಟುಗೂಡಿಸಿ ಹೊಸ ಹಳ್ಳಿ ಮಾಡುತ್ತೇನೆಂದು, ಒಪ್ಪದವರನ್ನೂ ಬಲವಂತವಾಗಿ ಎಬ್ಬಿಸಲಾಯಿತು. ತಿಳಿಯುವಂತೆ ಹೇಳುವ ತಾಳ್ಮೆ ಮುಗಿದಾಗ ಮೇಷ್ಟ್ರು ಬೆತ್ತ ಹಿಡಿಯುತ್ತಾನೆ. ನಾನೂ ಹಿಡಿದಿದ್ದೇನೆ; ಹುಡುಗರು ಕಲಿತದ್ದು ಬೆತ್ತ ಎಲ್ಲಿ ಬಚ್ಚಿಡಬೇಕು ಎಂಬುದನ್ನು ಮಾತ್ರ. ಅಲ್ಲಿಯೂ ಹೊಲಗಳ ಬೆಳೆ ಕುಸಿಯಿತು. 1985ರಲ್ಲಿ ಅವರು ತಾವಾಗಿಯೇ ಅಧ್ಯಕ್ಷ ಪದವಿ ಬಿಟ್ಟು ಬುಟಿಯಾಮಕ್ಕೆ ಹೋಗಿ ಬೇಸಾಯಕ್ಕೆ ನಿಂತರು.

ನನ್ನ ಏಳು ನಿಮಿಷ ಮುಗಿಯಿತು. ಆಕಾಶವಾಣಿಯವರು ಬೇಸರ ಮಾಡಿಕೊಳ್ಳಬಾರದು, ಕೇಳುಗರಲ್ಲಿ ಒಂದು ಕೋರಿಕೆ: ಈಗ ಎದ್ದು ರೇಡಿಯೋ ಆರಿಸಿ. ನಲ್ಲಿ ನೀರು ಬಾರದ ದಿನಗಳಿಗೆಂದು ಹಿತ್ತಿಲಿನ ಡ್ರಮ್ಮಿನಲ್ಲಿ ತುಂಬಿಟ್ಟಿದ್ದೀರಲ್ಲ, ಅದರ ಮುಚ್ಚಳ ತೆಗೆದು ಟಾರ್ಚು ಬಿಟ್ಟು ನೋಡಿ. ಸಣ್ಣ ಹುಳುಗಳು ತಲೆಕೆಳಗಾಗಿ ತೇಲುತ್ತಿದ್ದರೆ ಅವು ನಾಳೆಯ ಸೊಳ್ಳೆಗಳು. ನೀರು ಚೆಲ್ಲಿ, ಡ್ರಮ್ಮನ್ನು ತಿಕ್ಕಿ ಒಣಗಿಸಿ. ಪಕ್ಕದ ಮನೆಯವರನ್ನೂ ಕರೆಯಿರಿ. ನಮಸ್ಕಾರ.